ಮಿಕ್ಕಿದ ಅನ್ನ, ಹಳೇ ಸೀರೆ, ಬೀರು ತುಂಬಾ ಬ್ಲೌಸ್ ಪೀಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಮನೇಲಿ ಏನೇನು ವೇಸ್ಟ್ ಆಗ್ತಿದೆ, ಅದನ್ನ ಕಮ್ಮಿ ಮಾಡೋಕೆ ಏನು ತೊಂದರೆ ಆಗ್ತಿದೆ ಬರೀರಿ ಅಂತ ಕೇಳಿದ್ವಿ. ಬಂದ ಕಾಗದ, ಮೆಸೇಜು ಎಲ್ಲಾ ಓದಿದ್ಮೇಲೆ ಎರಡೇ ವಿಷಯ ಎದ್ದು ಕಾಣ್ತಿತ್ತು, ಒಂದು ಊಟ, ಇನ್ನೊಂದು ಬಟ್ಟೆ. ಎರಡನ್ನೂ ಬಿಸಾಕೋಕೆ ನಮ್ಮ ಜನಕ್ಕೆ ಮನಸ್ಸು ಬರಲ್ಲ, ಅದಕ್ಕೇ ಒಂದನ್ನ ಫ್ರಿಜ್ಜಲ್ಲಿ ನಾಲ್ಕು ದಿನ, ಇನ್ನೊಂದನ್ನ ಬೀರುನಲ್ಲಿ ನಾಲ್ಕು ವರ್ಷ ಇಟ್ಕೊಂಡು ಆಮೇಲೆ ಬಿಸಾಕ್ತೀವಿ. ಹೆಸರು ಹಾಕಬೇಡಿ ಅಂತ ತುಂಬಾ ಜನ ಬರೆದಿದ್ರಿಂದ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಡಂ ನಮಸ್ಕಾರ. ಮಾಘದಲ್ಲಿ ಮಗಳ ಮದುವೆ. ನಮ್ಮ ಲೆಕ್ಕದಲ್ಲಿ 1200 ಜನ ಆಗ್ತಾರೆ. ಅಡುಗೆ ಕಂಟ್ರಾಕ್ಟರು 1400 ಎಲೆಗೆ ಮಾಡ್ಸಿ ಸರ್, ಕಮ್ಮಿ ಬಿದ್ರೆ ಮರ್ಯಾದೆ ಪ್ರಶ್ನೆ ಅಂತಾರೆ. ನಮ್ಮಣ್ಣನ ಮಗನ ಮದುವೇಲಿ ಕೊಪ್ಪರಿಗೆಗಟ್ಟಲೆ ಅನ್ನ, ಹುಳಿ ಉಳಿದು ಛತ್ರದ ಹಿಂದೆ ಸುರಿದಿದ್ದನ್ನ ಕಣ್ಣಾರೆ ನೋಡಿದೀನಿ, ಅದು ನಮ್ಮಲ್ಲಿ ಆಗಬಾರ್ದು. ಉಳಿದ್ರೆ ಯಾರಿಗೆ ಕೊಡಬೇಕು? – ಮದುಮಗಳ ತಂದೆ, ತುಮಕೂರು

ಉತ್ತರ: ಸರ್, ಮೊದಲು ಮಗಳಿಗೆ ಶುಭಾಶಯ. ಉಳಿದ್ರೆ ಯಾರಿಗೆ ಅಂತ ಕೇಳಿದೀರ, ಅದಕ್ಕೆ ಬರ್ತೀನಿ, ಆದ್ರೆ ಉಳೀದೆ ಇರೋ ಹಾಗೆ ಮಾಡೋದು ಅದಕ್ಕಿಂತ ದೊಡ್ಡ ಕೆಲಸ ಮತ್ತು ಅದು ನಿಮ್ಮ ಕೈಲೇ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ನಗರದ ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ಮಾಡಿ ವರ್ಷಕ್ಕೆ 943 ಟನ್ ಒಳ್ಳೇ ಊಟ ಮದುವೆಗಳಲ್ಲೇ ಹಾಳಾಗ್ತಿದೆ ಅಂತ ಲೆಕ್ಕ ಕೊಟ್ಟಿದ್ರು, ಅದು ಬೆಂಗಳೂರು ಒಂದರದ್ದೇ.

1200 ಅನ್ನೋದು ಯಾವ ಊಟದ ಲೆಕ್ಕ ಅಂತ ಮೊದಲು ಬಿಡಿಸಿ ನೋಡಿ. ಬೆಳಿಗ್ಗೆ ತಿಂಡಿಗೆ ಇರೋವ್ರು ಮನೆಯವ್ರು ಮತ್ತು ಹತ್ತಿರದ ನೆಂಟ್ರು, ಮುಹೂರ್ತದ ಊಟಕ್ಕೆ ಊರವ್ರು, ರಿಸೆಪ್ಷನ್‌ಗೆ ಆಫೀಸಿನವ್ರು ಮತ್ತು ಮಗಳ ಫ್ರೆಂಡ್ಸು. ಮೂರಕ್ಕೂ ಒಂದೇ ನಂಬರ್ ಹೇಳಿದ್ರೆ ಅಲ್ಲೇ ಅರ್ಧ ತಪ್ಪಾಗತ್ತೆ. ಮಾಘದಲ್ಲಿ ಒಂದೇ ಮುಹೂರ್ತಕ್ಕೆ ಊರಲ್ಲಿ ನಾಲ್ಕು ಮದುವೆ ಇರತ್ತೆ, ಜನ ಮೂರು ಕಡೆ ಅಕ್ಷತೆ ಹಾಕಿ ಒಂದು ಕಡೆ ಊಟ ಮಾಡ್ತಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಅವತ್ತು ವಾರದ ದಿನಾನಾ ಭಾನುವಾರಾನಾ ನೋಡಿ. ಒಂದು ವಾರ ಮುಂಚೆ ಮನೆಯ ಹುಡುಗರಿಬ್ಬರನ್ನ ಕೂರಿಸಿ ಎಲ್ಲಾರಿಗೂ ಫೋನ್ ಮಾಡ್ಸಿ, ಬರ್ತೀರಾ, ಎಷ್ಟು ಜನ, ಯಾವ ಹೊತ್ತಿಗೆ ಅಂತ ಕೇಳ್ಸಿ. ಕೇಳೋದು ಅವಮರ್ಯಾದೆ ಅಲ್ಲ, ಕರೆದ್ರು ಅಂತ ಇನ್ನೂ ಖುಷಿ ಪಡ್ತಾರೆ.

ಎರಡನೇದು ಐಟಂಗಳ ಸಂಖ್ಯೆ. ಎರಡು ಕೋಸಂಬರಿ, ಎರಡು ಪಲ್ಯ, ಗೊಜ್ಜು, ಪುಳಿಯೋಗರೆ, ಪಲಾವ್, ಬೋಂಡ, ಮೂರು ಸ್ವೀಟು, ಸಾರು, ಹುಳಿ, ಮಜ್ಜಿಗೆಹುಳಿ ಅಂತ ಎಲೆ ತುಂಬೋ ಹೊತ್ತಿಗೆ ಮನುಷ್ಯನ ಹೊಟ್ಟೆ ಅರ್ಧ ಎಲೆಗೇ ತುಂಬಿರತ್ತೆ. ಪ್ರತಿ ಐಟಂ ಪ್ರತಿ ಎಲೆಗೂ ಒಂದೊಂದು ಸೌಟು ಬೀಳತ್ತೆ, ತಿನ್ನಲಿ ಬಿಡಲಿ. ಹಾಗಾಗಿ 50 ಎಲೆ ಕಮ್ಮಿ ಹೇಳೋದಕ್ಕಿಂತ ನಾಲ್ಕು ಐಟಂ ಕಮ್ಮಿ ಮಾಡ್ಸೋದ್ರಿಂದ ಜಾಸ್ತಿ ಊಟ ಹಾಳಾಗೋದು ತಪ್ಪತ್ತೆ, ದುಡ್ಡೂ ಉಳಿಯತ್ತೆ. ಮಿಕ್ಕ ಐಟಂಗಳನ್ನ ಚೆನ್ನಾಗಿ ಮಾಡ್ಸಿ, ಜನ ಅದನ್ನೇ ನೆನಪಿಟ್ಕೊಳ್ತಾರೆ.

ಇನ್ನು ಬಡಿಸೋರು. ಇದು ಯಾರೂ ಯೋಚನೆ ಮಾಡದ ವಿಷಯ ಮತ್ತು ನನ್ನ ಪ್ರಕಾರ ಇಲ್ಲೇ ಜಾಸ್ತಿ ಹಾಳಾಗೋದು. ಪಂಕ್ತಿ ಬೇಗ ಏಳಲಿ ಅಂತ ಹುಡುಗರು ಒಂದೇ ಸಲಕ್ಕೆ ಗುಡ್ಡೆ ಅನ್ನ ಹಾಕಿ ಓಡ್ತಾರೆ, ಎರಡನೇ ಸಲ ಬರೋದೇ ಇಲ್ಲ, ಅದಕ್ಕೆ ಊಟಕ್ಕೆ ಕೂತವ್ರೂ ಇರಲಿ ಹಾಕಿ ಅಂತ ಹಾಕಿಸ್ಕೊಳ್ತಾರೆ. ಕಂಟ್ರಾಕ್ಟರಿಗೆ ಮೊದಲೇ ಹೇಳಿ, ಬಡಿಸೋರು ಇನ್ನೂ ನಾಲ್ಕು ಜನ ಇರಲಿ, ಅನ್ನ ಕಮ್ಮಿ ಹಾಕಿ ಮತ್ತೆ ಬರ್ಲಿ, ಸ್ವೀಟು ಕೇಳಿ ಹಾಕ್ಲಿ, ಚಿಕ್ಕ ಮಕ್ಕಳ ಎಲೆಗೆ ಅರ್ಧ ಅರ್ಧ ಹಾಕ್ಲಿ ಅಂತ. ಮನೆಯವ್ರೊಬ್ರು ಊಟದ ಹಾಲ್‌ನಲ್ಲಿ ನಿಂತು ನೋಡ್ಕೊಳ್ಳಿ. ಮತ್ತೆ ಹುಳಿ ಪಲ್ಯ ಮೊದಲೇ ಆಗಿರ್ಬೇಕು ಸರಿ, ಅನ್ನ ಮಾತ್ರ ಪಂಕ್ತಿ ನೋಡ್ಕೊಂಡು ಎರಡು ಮೂರು ಸಲ ಬೇಯಿಸೋಕೆ ಹೇಳಿ. ಬೇಯಿಸದ ಅಕ್ಕಿ ಮೂಟೆ ಮನೆಗೆ ವಾಪಸ್ ಬರತ್ತೆ, ಬೇಯಿಸಿದ್ದು ಬರಲ್ಲ.

ಇಷ್ಟಾದ್ಮೇಲೂ ಉಳಿದ್ರೆ, ಯಾರಿಗೆ ಅನ್ನೋದು ಅವತ್ತು ಮೂರು ಗಂಟೆಗೆ ಹುಡುಕೋ ವಿಷಯ ಅಲ್ಲ. ಒಂದು ವಾರ ಮುಂಚೇನೇ ಊರಿನ ಅನಾಥಾಶ್ರಮ, ವೃದ್ಧಾಶ್ರಮ, ಬಡ ವಿದ್ಯಾರ್ಥಿಗಳ ಹಾಸ್ಟೆಲ್ ಇವ್ರಿಗೆ ಫೋನ್ ಮಾಡಿ ಎಷ್ಟು ಜನಕ್ಕೆ ಆಗತ್ತೆ, ಎಷ್ಟು ಗಂಟೆ ಒಳಗೆ ಬರ್ಬೇಕು ಅಂತ ಕೇಳಿಟ್ಕೊಳ್ಳಿ. ಅವರದ್ದೂ ಅಡುಗೆ ಆಗಿಬಿಟ್ಟಿದ್ರೆ ನಿಮ್ಮ ಊಟ ಅಲ್ಲಿ ಹೋಗಿ ವೇಸ್ಟ್ ಆಗತ್ತೆ ಅಷ್ಟೇ. ದೊಡ್ಡ ಊರುಗಳಲ್ಲಿ 2014ರಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಥರದ ಸಂಘಟನೆಗಳು ಮಿಕ್ಕಿದ ಊಟ ಹಂಚೋ ಕೆಲಸ ಮಾಡ್ತವೆ, ನಿಮ್ಮ ಊರಲ್ಲಿ ಅವ್ರ ತಂಡ ಇದ್ಯಾ ಅಂತ ವಿಚಾರಿಸಿ. ಕೊಡೋದು ಪಾತ್ರೇಲೇ ಉಳಿದಿರೋದು ಮಾತ್ರ, ಎಲೆಗೆ ಬಿದ್ದಿದ್ದಲ್ಲ. ಬಿಸಿ ಇರುವಾಗ್ಲೇ ಮುಚ್ಚಳ ಇರೋ ಸ್ಟೀಲ್ ಡಬ್ಬಿಗೆ ತುಂಬಿಸಿ, ಒಲೆಯಿಂದ ಇಳಿಸಿ ಆರೋಕೆ ಬಿಟ್ಟು ಎರಡು ಗಂಟೆ ದಾಟಿದ್ದು ಬೇಡ, ತೆಂಗಿನಕಾಯಿ ಹಸಿಯಾಗಿ ಹಾಕಿರೋ ಕೋಸಂಬರಿ, ಮೊಸರುಬಜ್ಜಿ ಬೇಡವೇ ಬೇಡ. ಡಬ್ಬಿ ಮೇಲೆ ಏನು ಅಡುಗೆ, ಎಷ್ಟು ಹೊತ್ತಿಗೆ ಮಾಡಿದ್ದು ಅಂತ ಚೀಟಿ ಅಂಟಿಸಿ. ಮಿಕ್ಕಿದ ಊಟ ಹಂಚೋಕೆ ಅಂತಾನೇ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2019ರಲ್ಲಿ ನಿಯಮ ತಂದಿದೆ, ತಿನ್ನೋರು ಬಡವ್ರು ಅಂತ ಊಟದ ಗುಣಮಟ್ಟ ಕಮ್ಮಿ ಆಗೋ ಹಾಗಿಲ್ಲ.

ಕೊನೇದಾಗಿ ಒಂದು ವಿಷಯ ದಯವಿಟ್ಟು ಗಮನದಲ್ಲಿ ಇಟ್ಕೊಳ್ಳಿ. ಉಳಿದ ಅನ್ನಾನ ಹಸುಗಳಿಗೆ ಸುರಿದ್ರೆ ಪುಣ್ಯ ಅಂತ ಛತ್ರದವ್ರು ಹೇಳ್ತಾರೆ. ಹುಲ್ಲು ತಿನ್ನೋ ಹೊಟ್ಟೆಗೆ ಒಂದೇ ಸಲ ಬುಟ್ಟಿಗಟ್ಟಲೆ ಅನ್ನ ಬಿದ್ರೆ ಒಳಗೆ ಆಮ್ಲ ಜಾಸ್ತಿಯಾಗಿ, ಹೊಟ್ಟೆ ಉಬ್ಬರಿಸಿ ಹಸು ಸತ್ತೇ ಹೋಗಬಹುದು, ಪಶುವೈದ್ಯರನ್ನ ಕೇಳಿ ನೋಡಿ. ಎಂಜಲೆಲೆ ಜೊತೆ ಪ್ಲಾಸ್ಟಿಕ್ ಲೋಟ, ಚಮಚ ಸೇರಿದ್ರಂತೂ ಕೇಳೋದೇ ಬೇಡ. ಎಲೆ ಬೇರೆ, ಪ್ಲಾಸ್ಟಿಕ್ ಬೇರೆ ಹಾಕೋಕೆ ಎರಡು ಡ್ರಮ್ ಇಡ್ಸಿ, ಎಲೆ ಯಾರದ್ದಾದ್ರೂ ತೋಟದ ಗೊಬ್ಬರದ ಗುಂಡಿಗೆ ಹೋಗ್ಲಿ.

ಪ್ರಶ್ನೆ: ಮದುವೆ ಆಗಿ ಆರು ತಿಂಗಳು, ಇಬ್ಬರೂ ಕೆಲಸಕ್ಕೆ ಹೋಗ್ತೀವಿ. ದಿನಾ ಅನ್ನ ಮಿಕ್ಕತ್ತೆ. ರಾತ್ರಿ ಮಿಕ್ಕಿದ್ದನ್ನ ಬೆಳಿಗ್ಗೆ ಚಿತ್ರಾನ್ನ ಮಾಡಿದ್ರೆ ಅತ್ತೆ ಓಕೆ ಅಂತಾರೆ, ನಮ್ಮ ಯಜಮಾನ್ರು ತಂಗಳು ತಿಂದ್ರೆ ಫುಡ್ ಪಾಯಿಸನ್ ಆಗತ್ತೆ ಅಂತ ವಿಡಿಯೋ ತೋರಿಸ್ತಾರೆ. ಯಾರು ಸರಿ ಅಕ್ಕಾ? – ಯಶವಂತಪುರ, ಬೆಂಗಳೂರು

ಉತ್ತರ: ಇಬ್ಬರೂ ಸರಿ ಕಣಮ್ಮಾ, ಅನ್ನ ರಾತ್ರಿ ಎಲ್ಲಿತ್ತು ಅನ್ನೋದರ ಮೇಲೆ ಹೋಗತ್ತೆ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಒಂದು ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದ್ರೆ ಬೀಜದ ಥರದ ಗಟ್ಟಿ ರೂಪ, ಇರ್ತವೆ, ಬೇಯಿಸಿದ್ರೂ ಸಾಯಲ್ಲ. ಅನ್ನ ಬೆಚ್ಚಗೆ ಕುಕ್ಕರಲ್ಲೇ ಗಂಟೆಗಟ್ಟಲೆ ಕೂತ್ರೆ ಅವು ಬೆಳೆದು ವಿಷ ಬಿಡ್ತವೆ, ಆ ವಿಷ ಬೆಳಿಗ್ಗೆ ಒಗ್ಗರಣೆ ಹಾಕಿ ಎಷ್ಟು ಹುರಿದ್ರೂ ಹೋಗಲ್ಲ. ಹಾಗಾಗಿ ರಾತ್ರಿ ಊಟ ಮುಗಿದ ಕೂಡ್ಲೇ ಮಿಕ್ಕಿದ್ದನ್ನ ಅಗಲವಾದ ತಟ್ಟೇಲಿ ಹರಡಿ ಆರಿಸಿ, ಒಂದು ಗಂಟೆ ಒಳಗೆ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ. ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ, ಅಕ್ಕಿ ಹಿಟ್ಟಿನ ಜೊತೆ ಕಲಸಿ ಅಕ್ಕಿರೊಟ್ಟಿ, ಏನು ಬೇಕಾದ್ರೂ ಮಾಡಿ, ಬಿಸಿ ಮಾಡೋದು ಒಂದೇ ಸಲ. ಹಳ್ಳಿ ಕಡೆ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಜೊತೆ ತಿನ್ನೋ ತಂಗಳನ್ನ ಬೇರೆ ಥರ, ಅದು ಹುಳಿ ಬರತ್ತೆ, ಆ ಹುಳಿ ಒಂದಷ್ಟು ಕಾಪಾಡತ್ತೆ, ಆದ್ರೂ ಬೆಳಿಗ್ಗೇನೇ ಮುಗಿಸ್ಬೇಕು, ಬೇಸಿಗೇಲಿ ಮಧ್ಯಾಹ್ನದ ತನಕ ಎಳೀಬಾರ್ದು.

ಆದ್ರೆ ದಿನಾ ಯಾಕೆ ಮಿಕ್ಕತ್ತೆ ಅಂತ ನೋಡ್ಕೊಳ್ಳಿ. ಅಮ್ಮನ ಮನೆಯ ಪಾವಿನ ಅಳತೆ ಕೈಗೆ ಕೂತಿರತ್ತೆ, ಅದು ಐದಾರು ಜನದ ಮನೆ ಅಳತೆ. ಒಂದು ಚಿಕ್ಕ ಲೋಟ ಅಕ್ಕಿ ಡಬ್ಬದಲ್ಲೇ ಇಟ್ಬಿಡಿ, ಅಷ್ಟೇ ಹಾಕೋದು. ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ 105 ಕೋಟಿ ಟನ್ ಊಟ ವೇಸ್ಟ್ ಆಗಿದೆ, ಅದರಲ್ಲಿ 100ಕ್ಕೆ 60 ಭಾಗ ಹೋಟ್ಲಿಂದಲ್ಲ, ಅಂಗಡಿಯಿಂದಲ್ಲ, ಮನೆಗಳಿಂದ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆಜಿ ಅಂತ ಅಂದಾಜು. ನಿಮ್ಮಿಬ್ಬರ ಮನೆಗೆ ಲೆಕ್ಕ ಹಾಕ್ಕೊಳ್ಳಿ, 25 ಕೆಜಿಯ ನಾಲ್ಕು ಅಕ್ಕಿ ಚೀಲ ಹೊತ್ತು ತಂದು ಹೊರಗಿಟ್ಟ ಹಾಗೆ.

ಪ್ರಶ್ನೆ: ನಮ್ಮಲ್ಲಿ ತರಕಾರಿ ಸಿಪ್ಪೆ ಬಿಸಾಡುವ ಕ್ರಮವೇ ಇರಲಿಲ್ಲ ಮಾರಾಯ್ರೆ. ಈಗ ಮಗ ಸೊಸೆ ಸಿಪ್ಪೆಯಲ್ಲಿ ಔಷಧಿ ಹೊಡೆದದ್ದು ಇರ್ತದೆ, ತಿನ್ನಬೇಡಿ ಅಂತಾರೆ. ಹೌದಾ? – ಕುಂದಾಪುರ

ಉತ್ತರ: ಅಮ್ಮಾ, ಅವ್ರ ಹೆದರಿಕೇಲೂ ಅರ್ಥ ಇದೆ. ಮೇಲೆ ಹೊಡೆದ ಔಷಧಿ ಸಿಪ್ಪೆ ಮೇಲೆ ಉಳಿದಿರತ್ತೆ, ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ಹರಿಯೋ ನೀರಲ್ಲಿ ಉಜ್ಜಿ ತೊಳೆದ್ರೆ ಒಂದಷ್ಟು ಹೋಗತ್ತೆ, ಪೂರ್ತಿ ಹೋಗತ್ತೆ ಅನ್ನೋಕಾಗಲ್ಲ. ಗಿಡದೊಳಗೇ ಸೇರಿರೋ ಔಷಧಿ ಆದ್ರೆ ಸಿಪ್ಪೆ ತೆಗೆದ್ರೂ ಹೋಗಲ್ಲ. ಹಾಗಾಗಿ ಹಿತ್ತಲಲ್ಲಿ ಬೆಳೆದದ್ದು, ಗೊತ್ತಿರೋರ ತೋಟದ್ದು ಆದ್ರೆ ಧೈರ್ಯವಾಗಿ ಸಿಪ್ಪೆ ಬಳಸಿ. ಅಂಗಡಿಯಲ್ಲಿ ಹೊಳಪು ಬರೋಕೆ ಮೇಣ ಹಚ್ಚಿರೋ ಹಣ್ಣಿನ ಸಿಪ್ಪೆ ಬೇಡ.

ಹೀರೇಕಾಯಿ ಸಿಪ್ಪೆ ಚಟ್ನಿ, ಕಿತ್ತಳೆ ಸಿಪ್ಪೆ ಗೊಜ್ಜು, ಬಾಳೆಕಾಯಿ ಸಿಪ್ಪೆ ಪಲ್ಯ, ಸೌತೆಕಾಯಿ ತಿರುಳಿನ ತಂಬುಳಿ, ಬಾಳೆದಿಂಡಿನ ಪಲ್ಯ, ಹಲಸಿನ ಬೀಜದ ಸಾರು, ಕಲ್ಲಂಗಡಿಯ ಕೆಂಪು ತಿಂದ್ಮೇಲೆ ಉಳಿಯೋ ಬಿಳಿ ಭಾಗ ಅಕ್ಕಿ ಜೊತೆ ರುಬ್ಬಿ ದೋಸೆ, ಇದೆಲ್ಲಾ ಕರಾವಳಿ ಮಲೆನಾಡಿನ ಅಡುಗೆಮನೆಗಳ ದೊಡ್ಡ ಆಸ್ತಿ. ಇದಾದ್ಮೇಲೂ ಉಳಿದದ್ದು, ಅಕ್ಕಿ ತೊಳೆದ ನೀರು ಎಲ್ಲಾ ಸೇರಿ ಕಲಗಚ್ಚು ಆಗಿ ಕೊಟ್ಟಿಗೆಗೆ ಹೋಗ್ತಿತ್ತು, ಅಲ್ಲಿಂದ ಸಗಣಿಯಾಗಿ ತೋಟಕ್ಕೆ. ಸೊಸೆಯಂದಿರ ಹತ್ರ ವಾದ ಮಾಡ್ಬೇಡಿ ಅಮ್ಮಾ, ಹಿತ್ತಲ ಹೀರೇಕಾಯಿದು ಒಂದು ಸಲ ಚಟ್ನಿ ಮಾಡಿ ಬಡಿಸಿ.

ಪ್ರಶ್ನೆ: ನಮ್ಮ ಬೀರುನಲ್ಲಿ ಒಂದು ಇಡೀ ಅರೆ ಬ್ಲೌಸ್ ಪೀಸಿದೆ. ವರಮಹಾಲಕ್ಷ್ಮಿ, ಗೌರಿ, ನವರಾತ್ರಿ ಬಂದ್ರೆ ಇನ್ನೂ ಹತ್ತು ಸೇರತ್ತೆ. ಯಾವ್ದನ್ನೂ ಹೊಲಿಸೋಕಾಗಲ್ಲ, ತೋಳಿಗೆ ಬಟ್ಟೆ ಸಾಲಲ್ಲ. ಬಿಸಾಕೋಕೆ ಮನಸ್ಸಿಲ್ಲ, ಮಂಗಳದ್ರವ್ಯದ ಜೊತೆ ಕೊಟ್ಟಿದ್ದು. ಏನು ಮಾಡ್ಲಿ? – ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಇದೇ ಪ್ರಶ್ನೆ ದಾವಣಗೆರೆ, ಹಾಸನ, ಮಂಡ್ಯದಿಂದಲೂ ಬಂದಿದೆ, ಎಲ್ಲಾರಿಗೂ ಸೇರಿಸಿ ಹೇಳ್ತೀನಿ. ಮೊದಲೆಲ್ಲಾ ಕೊಡ್ತಿದ್ದ ಪೀಸು ಹೊಲಿಸಿ ಹಾಕ್ಕೊಳ್ಳೋ ಹಾಗಿರ್ತಿತ್ತು. ಈಗ ಡಜನ್ ಲೆಕ್ಕದಲ್ಲಿ ಸಿಗೋ ತೆಳು ಪಾಲಿಯೆಸ್ಟರ್ ಪೀಸು ಹುಟ್ಟಿದಾಗಿಂದ ಯಾರ ಮೈಮೇಲೂ ಹೋಗಲ್ಲ, ಒಬ್ಬರ ಮನೆ ಅರಿಶಿನ ಕುಂಕುಮದಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಬ್ಬರ ಮನೆಗೆ ಸುತ್ತುತ್ತೆ, ಸುತ್ತಿ ಸುತ್ತಿ ಮಡಿಕೆಯಲ್ಲಿ ಹರಿದು ಕಸಕ್ಕೆ ಬೀಳತ್ತೆ. ಪಾಲಿಯೆಸ್ಟರ್ ಅಂದ್ರೆ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗಲ್ಲ. ಸಂಪ್ರದಾಯದ ಹೆಸರಲ್ಲಿ ನಾವು ಒಬ್ಬರಿಗೊಬ್ರು ಪ್ಲಾಸ್ಟಿಕ್ ಕೊಟ್ಕೊಳ್ತಿದೀವಿ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ಸಂಗತಿ.

ನಿಮ್ಮ ಹತ್ರ ಇರೋದಕ್ಕೆ ಒಂದು ದಾರಿ ಇದೆ. ಹತ್ತಿರದ ಟೈಲರ್‌ಗೆ ಕೊಟ್ಟು ಒಂದೊಂದು ಪೀಸಿಗೆ ಎರಡೆರಡು ಚಿಕ್ಕ ಚೀಲ ಹೊಲಿಸಿ, ಹಿಡಿ ಇರೋ ಹಾಗೆ. ಈ ಸಲ ನವರಾತ್ರಿಗೆ ಬಂದವ್ರಿಗೆ ಪ್ಲಾಸ್ಟಿಕ್ ಕವರ್ ಬದ್ಲು ಅದರಲ್ಲೇ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಹಾಕಿ ಕೊಡಿ. ಪೀಸು ಕೊಟ್ಟ ಹಾಗೂ ಆಯ್ತು, ಆ ಚೀಲ ನಾಳೆ ತರಕಾರಿ ಅಂಗಡಿಗೆ ಹೋಗತ್ತೆ. ಕಾಟನ್ ಪೀಸು ಸಿಕ್ರೆ ಬೇರೆ ಇಡಿ, ಅದು ಲೈನಿಂಗಿಗೆ, ದಿಂಬಿನ ಕವರಿಗೆ ಆಗತ್ತೆ.

ಮುಂದೆ ಕೊಡೋದರ ಬಗ್ಗೆ ಗಟ್ಟಿ ಮನಸ್ಸು ಮಾಡ್ಬೇಕು. ಪೀಸು ಕೊಡ್ಲೇಬೇಕು ಅಂತ ಇದ್ರೆ ಹತ್ತು ಜನಕ್ಕೆ ಹತ್ತು ತೆಳು ಪೀಸು ಬೇಡ, ತೀರ ಹತ್ತಿರದ ಇಬ್ಬರಿಗೆ ಒಂದೊಂದು ಮೀಟರ್ ಟೂ ಬೈ ಟೂ ರೂಬಿಯಾ ಕೊಡಿ, ಇಲ್ಲಾ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಕೊಡಿ. ಅದು ಕುಪ್ಪಸಕ್ಕೆ ಅಂತಾನೇ ನೇಯೋ ಬಟ್ಟೆ, ಹೊಲಿಸಿದ್ರೆ ವರ್ಷಗಟ್ಟಲೆ ಬರತ್ತೆ, ಅಲ್ಲಿಯ ಮಗ್ಗದವ್ರಿಗೂ ಕೆಲಸ ಸಿಗತ್ತೆ. ಉಳಿದವ್ರಿಗೆ ಕೊಬ್ಬರಿ ಬಟ್ಟಲು, ಬೆಲ್ಲ, ಹೆಸರುಬೇಳೆ. ಮಂಗಳಕ್ಕೆ ಏನೂ ಕಮ್ಮಿ ಆಗಲ್ಲ. ಮತ್ತೆ ತಗೊಳ್ಳೋವಾಗ್ಲೂ, ಆಪ್ತರ ಮನೇಲಿ, ಅರಿಶಿನ ಕುಂಕುಮ ಸಾಕು ಕಣ್ರೀ, ಪೀಸು ಬೇಡ ಅಂತ ನಗ್ತಾ ಹೇಳೋಕೆ ಶುರು ಮಾಡಿ, ಒಬ್ರು ಹೇಳಿದ್ರೆ ಇನ್ನೊಬ್ರಿಗೆ ಧೈರ್ಯ ಬರತ್ತೆ.

ಸನ್ಮಾನದ ಶಾಲುಗಳದ್ದೂ ಇದೇ ಕಥೆ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ, ಶಾಲು ಬೇಡ, ಬೇಕಾದ್ರೆ ಕನ್ನಡ ಪುಸ್ತಕ ಕೊಡಿ ಅಂತ ಹೇಳಿತ್ತು. ಊರಿನ ಸಂಘಗಳು, ಶಾಲೆಗಳೂ ಅದನ್ನ ಪಾಲಿಸಿದ್ರೆ ಎಷ್ಟೋ ಶಾಲು ಉಳೀತವೆ.

ಪ್ರಶ್ನೆ: ನಮ್ಮವ್ವ ತೀರಿಕೊಂಡು ವರ್ಷ ಆತ್ರೀ. ಆಕಿ ಇಳಕಲ್ ಸೀರಿ, ದಿನಾ ಉಡೋ ಸೀರಿ ಒಂದು ದೊಡ್ಡ ಗಂಟು ಅದಾವು. ಕೌದಿ ಹೊಲಿಸ್ಬೇಕಂತ ಭಾಳ ಆಸೆ ಐತಿ, ಹೊಲಿಯೋರ ಸಿಗವಲ್ರು. ಮಿಷನ್‌ದಾಗ ಹೊಲಿಸ್ಬಹುದೇನ್ರೀ? – ಗದಗ

ಉತ್ತರ: ನಿಮ್ಮ ಆಸೆ ಓದಿ ಮನಸ್ಸು ತುಂಬಿ ಬಂತು. ಮಿಷನ್‌ನಲ್ಲಿ ಹೊಲಿಸ್ಬಹುದು, ಆದ್ರೆ ಬೇಡ ಅಂತೀನಿ. ಮಿಷನ್ ಹೊಲಿಗೆ ಬಿಗಿ ಮತ್ತು ಒತ್ತೊತ್ತು, ಉಟ್ಟು ಒಗೆದು ಮೆತ್ತಗಾಗಿರೋ ನೂಲು ಆ ಸೂಜಿ ತೂತುಗಳ ಸಾಲಿನಲ್ಲೇ ಹರಿಯತ್ತೆ. ಕೈಯಲ್ಲಿ ದಪ್ಪ ದಾರದಿಂದ ಹಾಕೋ ಉದ್ದ ಹೊಲಿಗೆ ಸಡಿಲ ಇರತ್ತೆ, ಬಟ್ಟೆ ಜೊತೆ ಬಾಗತ್ತೆ, ಅದಕ್ಕೇ ಕೌದಿ ಅಷ್ಟು ವರ್ಷ ಬರೋದು.

ಗಂಟು ಬಿಚ್ಚಿ ಮೊದಲು ವಿಂಗಡಿಸಿ. ಬೆಳಕಿಗೆ ಹಿಡಿದು ಎರಡು ಕೈಲಿ ಸ್ವಲ್ಪ ಎಳೆದು ನೋಡಿ, ಗಟ್ಟಿ ಇರೋದು ಮೇಲಕ್ಕೂ ಕೆಳಕ್ಕೂ, ಸವೆದಿರೋದು ನಡುವಿನ ಪದರಕ್ಕೆ. ಪಾಲಿಯೆಸ್ಟರ್ ಸೀರೆ ಇದ್ರೆ ಸೇರಿಸ್ಬೇಡಿ, ಬೆವರು ಹೀರಲ್ಲ, ಹತ್ತಿ ಜೊತೆ ಒಂದೇ ಥರ ಕುಗ್ಗೋದೂ ಇಲ್ಲ, ಒಗೆದ್ಮೇಲೆ ಸುಕ್ಕು ಸುಕ್ಕಾಗತ್ತೆ. ಇಳಕಲ್ ಸೀರೆಯ ಸೆರಗು, ದಡಿ ಬಿಡಿಸಿ ಮೇಲಿನ ಪದರದ ಅಂಚಿಗೆ ಇಟ್ಟುಕೊಂಡ್ರೆ ಅವ್ವನ ಸೀರೆ ಅಂತ ನೋಡಿದ ಕೂಡ್ಲೇ ಗುರುತು ಸಿಗತ್ತೆ. ಎಲ್ಲಾ ಒಂದು ಸಲ ಒಗೆದು ಬಿಸಿಲಿಗೆ ಹಾಕಿ ಆಮೇಲೆ ಕತ್ತರಿಸಿ.

ಹೊಲಿಯೋರು ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಈಗಲೂ ಇದಾರೆ, ಕೆಲಸ ಕೊಡೋರು ಇಲ್ಲ ಅಂತ ಬಿಟ್ಟಿರ್ತಾರೆ ಅಷ್ಟೇ. ಸ್ತ್ರೀಶಕ್ತಿ ಸಂಘದ ಹೆಣ್ಮಕ್ಕಳಿಗೆ ಹೇಳಿಡಿ, ಅಂಗನವಾಡಿ ಟೀಚರ್‌ಗೆ ಕೇಳಿ, ವಯಸ್ಸಾದವ್ರು ಯಾರಾದ್ರೂ ಸಿಕ್ಕೇ ಸಿಗ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಣ್ಮಕ್ಕಳು ಇದೇ ಥರ ಹಳೇ ಬಟ್ಟೆಯಿಂದ ಕವಂದಿ ಹೊಲೀತಾರೆ, ಅಂಚಿಂದ ಶುರು ಮಾಡಿ ಸುತ್ತ ಸುತ್ತ ನಡುವಿಗೆ ಬರ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿ ಹೂವು ಕೂರಿಸ್ತಾರೆ. ಇವತ್ತು ಅವ್ರ ಕವಂದಿ ದೇಶ ವಿದೇಶದ ಕಲಾ ಪ್ರದರ್ಶನಗಳಿಗೆ ಹೋಗ್ತಿದೆ. ಮಜೂರಿ ವಿಷಯದಲ್ಲಿ ಚೌಕಾಸಿ ಮಾಡ್ಬೇಡಿ, ಒಂದು ಕೌದಿ ಅಂದ್ರೆ ಬೆನ್ನು ಬಗ್ಗಿಸಿ ಕೂತು ಮಾಡೋ ಎಷ್ಟೋ ದಿನದ ಕೆಲಸ, ಅಂಗಡಿ ಬ್ಲಾಂಕೆಟ್ ರೇಟಿಗೆ ಹೋಲಿಸೋದು ನ್ಯಾಯ ಅಲ್ಲ. ಆಗೋದಾದ್ರೆ ಮಗಳನ್ನೋ ಸೊಸೆಯನ್ನೋ ಜೊತೆಗೆ ಕೂರಿಸಿ ಕಲಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಲ್ಲಿ ವರ್ಷಕ್ಕೊಮ್ಮೆ ಹಳೇ ಬಟ್ಟೆ ಡ್ರೈವ್ ಮಾಡ್ತೀವಿ, ಹತ್ತಿಪ್ಪತ್ತು ಕಾರ್ಟನ್ ಆಗತ್ತೆ. ಈ ಸಲ ಒಂದು ಆಶ್ರಮದವ್ರು ಬೇಡ ಅಂದ್ಬಿಟ್ರು. ಬಡವ್ರಿಗೂ ಬೇಡ್ವಾ ಅಂತ ಎಲ್ಲಾರಿಗೂ ಆಶ್ಚರ್ಯ. – ವೈಟ್‌ಫೀಲ್ಡ್

ಉತ್ತರ: ಅವ್ರು ಬೇಡ ಅಂದಿದ್ದು ಸರಿಯಾಗೇ ಇದೆ. ಝಿಪ್ ಕಿತ್ತುಹೋದ ಜೀನ್ಸು, ಕಲೆಯಾದ ಟೀ ಶರ್ಟು, ಪಾರ್ಟಿ ಗೌನು ಇದನ್ನ ವಿಂಗಡಿಸೋ ಕೆಲಸ ನಾವು ಅವ್ರ ತಲೆ ಮೇಲೆ ಹಾಕ್ತೀವಿ. 2004ರ ಸುನಾಮಿ ಆದ್ಮೇಲೆ ತಮಿಳುನಾಡಿನ ಕರಾವಳೀಲಿ ದೇಶದ ಎಲ್ಲಾ ಕಡೆಯಿಂದ ಬಂದ ಹಳೇ ಬಟ್ಟೆ ಯಾರಿಗೂ ಬೇಡವಾಗಿ ರಸ್ತೆ ಪಕ್ಕ ರಾಶಿ ಬಿದ್ದಿತ್ತು. ಮನೆ ಕಳ್ಕೊಂಡವ್ರಿಗೂ ಮರ್ಯಾದೆ ಇರತ್ತೆ.

ಮುಂದಿನ ಡ್ರೈವ್‌ಗೆ ನಿಯಮ ಇಟ್ಕೊಳ್ಳಿ, ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ, ನಿಮ್ಮ ತಂಗಿಗೆ ತಮ್ಮನಿಗೆ ಕೊಡೋ ಹಾಗಿದ್ರೆ ಮಾತ್ರ ಕಾರ್ಟನ್‌ಗೆ. ಗೂಂಜ್ ಸಂಸ್ಥೆ ಬಗ್ಗೆ ಕೇಳಿರ್ತೀರ, 1999ರಲ್ಲಿ ಅಂಶು ಗುಪ್ತಾ ಶುರು ಮಾಡಿದ್ದು, 2015ರಲ್ಲಿ ಅವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿ ಜನ ತಮ್ಮೂರಿಗೆ ಬೇಕಾದ ಬಾವಿ, ರಸ್ತೆ ಕೆಲಸ ತಾವೇ ಮಾಡ್ಕೊಂಡ್ರೆ ಅದಕ್ಕೆ ಪ್ರತಿಯಾಗಿ ಬಟ್ಟೆ ಕೊಡ್ತಾರೆ, ಹಳೇ ಕಾಟನ್ ಬಟ್ಟೆಯಿಂದ ಹೆಣ್ಮಕ್ಕಳ ಪ್ಯಾಡ್ ಮಾಡ್ತಾರೆ. ಅಂಥವ್ರಿಗೆ ಏನು ಬೇಕು ಅಂತ ಮೊದಲು ಕೇಳಿ ಆಮೇಲೆ ಕಲೆಕ್ಟ್ ಮಾಡಿ.

ಹಾಕ್ಕೊಳ್ಳೋಕೆ ಆಗದೇ ಇರೋದು ಮನೇಲೇ ಮುಗೀಬೇಕು. ಕಾಟನ್ ಬನಿಯನ್, ಟವೆಲು, ಪಂಚೆ ಕತ್ತರಿಸಿ ಮಸಿಬಟ್ಟೆ, ಗಾಡಿ ಒರೆಸೋ ಬಟ್ಟೆ, ಕಾಲೊರಸು ಮಾಡ್ಕೊಳ್ಳಿ. ರೀಸೈಕಲ್ ಆಗತ್ತಲ್ವಾ ಅಂತ ಕೇಳ್ತಾರೆ. ಹರಿಯಾಣದ ಪಾಣಿಪತ್‌ನಲ್ಲಿ ಹಳೇ ಉಲನ್ ಬಟ್ಟೆ ಬಿಡಿಸಿ ಮತ್ತೆ ನೂಲು ಮಾಡಿ ಕಂಬಳಿ ನೇಯೋ ದೊಡ್ಡ ಉದ್ಯಮವೇ ಇದೆ, ತಿರುಪ್ಪೂರಲ್ಲಿ ಕಟಿಂಗ್ ವೇಸ್ಟ್‌ನಿಂದ ಹತ್ತಿ ನೂಲು ತೆಗೀತಾರೆ. ಆದ್ರೆ ಕಾಟನ್ ಪಾಲಿಯೆಸ್ಟರ್ ಮಿಕ್ಸ್ ಆಗಿ ಮೇಲೆ ಲೈಕ್ರಾನೂ ಸೇರಿರೋ ಇವತ್ತಿನ ಸ್ಟ್ರೆಚ್ ಪ್ಯಾಂಟು ಬಿಡಿಸೋದು ಬಹಳ ಕಷ್ಟ. 2022ರ ಒಂದು ವರದಿ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ವೇಸ್ಟ್ ಸೇರತ್ತೆ, ಅದರಲ್ಲಿ 100ಕ್ಕೆ 59 ಭಾಗ ಮರುಬಳಕೆಗೋ ಮತ್ತೆ ನೂಲಿಗೋ ಹೋಗತ್ತೆ, ಮಿಕ್ಕ 41 ಭಾಗ ಕೆಳದರ್ಜೆಯ ಕೆಲಸಕ್ಕೆ ಹೋಗತ್ತೆ, ಇಲ್ಲಾ ಸುಡತ್ತೆ, ಇಲ್ಲಾ ಗುಡ್ಡೆ ಬೀಳತ್ತೆ. ಹಾಗಾಗಿ ಡ್ರೈವ್ ಮಾಡೋ ನಿಮ್ಮ ಕಮಿಟಿಯವ್ರು ಇನ್ನೊಂದು ಕೆಲಸಾನೂ ಮಾಡಿ, ಅಪಾರ್ಟ್‌ಮೆಂಟ್ ಒಳಗೇ ಅದಲು ಬದಲು ದಿನ ಇಡಿ. ಮಕ್ಕಳ ಬಟ್ಟೆ, ಯೂನಿಫಾರ್ಮು, ಒಂದು ಸಲ ಹಾಕಿದ ಲೆಹೆಂಗಾ ಎಲ್ಲಾ ಅಲ್ಲೇ ಕೈ ಬದಲಾದ್ರೆ ಆ ಮಟ್ಟಿಗೆ ಹೊಸದು ಕೊಳ್ಳೋದೂ ಕಮ್ಮಿ ಆಗತ್ತೆ. ಒಂದು ಕಾಟನ್ ಟೀ ಶರ್ಟಿಗೆ ಹತ್ತಿ ಬೆಳೆಯೋದರಿಂದ ಹಿಡಿದು ಸುಮಾರು 2700 ಲೀಟರ್ ನೀರು ಬೇಕು ಅಂತ ಲೆಕ್ಕ, ಟ್ಯಾಂಕರ್‌ಗೆ ಕಾಯೋ ವೈಟ್‌ಫೀಲ್ಡಿನವ್ರಿಗೆ ಅದರ ಬೆಲೆ ನಾನು ಹೇಳ್ಬೇಕಾಗಿಲ್ಲ.

ಪ್ರಶ್ನೆ: ಬಾಲ್ಕನೀಲಿ ಕಾಂಪೋಸ್ಟ್ ಮಾಡ್ತಿದೀನಿ, ವಾಸನೆ ಬರ್ತಿದೆ, ಬಿಳಿ ಹುಳ ಬಿದ್ದಿದೆ. ಪಕ್ಕದ ಮನೆಯವ್ರು ಜಗಳಕ್ಕೆ ಬಂದ್ರು. – ಶಿವಮೊಗ್ಗ

ಉತ್ತರ: ನೀರು ಜಾಸ್ತಿ, ಗಾಳಿ ಕಮ್ಮಿ, ಅಷ್ಟೇ. ಹಸಿ ಕಸ ಒಂದು ಪಾಲು ಹಾಕಿದ್ರೆ ಒಣ ಎಲೆ, ತೆಂಗಿನನಾರಿನ ಪುಡಿ, ಮರದ ಹೊಟ್ಟು ಯಾವುದಾದ್ರೂ ಅಷ್ಟೇ ಪಾಲು ಮೇಲೆ ಮುಚ್ಚಿ, ಮೂರು ದಿನಕ್ಕೊಮ್ಮೆ ಕೋಲಿಂದ ತಿರುವಿ. ಸಾರು, ಹುಳಿ ನೀರಿನ ಸಮೇತ ಸುರೀಬೇಡಿ. ಶುರುವಿಗೆ ಸ್ವಲ್ಪ ಹುಳಿ ಮಜ್ಜಿಗೆ, ಇಲ್ಲಾ ಹಳೇ ಗೊಬ್ಬರ ಸೇರಿಸಿದ್ರೆ ಬೇಗ ಹಿಡಿಯತ್ತೆ. ಹುಳ ಕಚ್ಚಲ್ಲ, ಕಸಾನ ಬೇಗ ಮುಗಿಸತ್ತೆ, ಒಣ ಎಲೆ ಜಾಸ್ತಿ ಮಾಡಿದ್ರೆ ತಾನೇ ಕಮ್ಮಿ ಆಗತ್ತೆ. ಎರಡು ತಿಂಗಳಿಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರೋ ಗೊಬ್ಬರ ಆಗತ್ತೆ, ಮೊದಲ ಡಬ್ಬಿ ಆ ಪಕ್ಕದ ಮನೆಯವ್ರ ತುಳಸಿ ಗಿಡಕ್ಕೇ ಕೊಡಿ. ನೀವು ಮಾಡ್ತಿರೋ ಕೆಲಸ ಸಣ್ಣದಲ್ಲ, ಬೆಂಗಳೂರಿನ ಮಿಕ್ಸ್ ಕಸ ಹೊತ್ತು ಹೊತ್ತು ನಗರದ ಪಕ್ಕದ ಮಂಡೂರು ಹಳ್ಳಿಯ ಜನ ಕೊನೆಗೆ ರಸ್ತೆಗಿಳೀಬೇಕಾಯ್ತು, 2014ರ ಕೊನೇಲಿ ಅಲ್ಲಿಗೆ ಲಾರಿ ಹೋಗೋದು ನಿಂತಿದ್ದು ಅವ್ರ ಹೋರಾಟದಿಂದ. ಹಸಿ ಕಸ ಮನೇಲೇ ಗೊಬ್ಬರ ಆದ್ರೆ ಯಾವ ಹಳ್ಳಿಗೂ ಆ ಗತಿ ಬರಲ್ಲ.

ಪ್ರಶ್ನೆ: ಬೆಸ್ಟ್ ಬಿಫೋರ್ ಡೇಟ್ ದಾಟಿದ್ರೆ ಬಿಸಾಕ್ಬೇಕಾ? ಪೀಜೀಲಿ ದಿನಾ ಜಗಳ. – ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬೆಸ್ಟ್ ಬಿಫೋರ್ ಅಂದ್ರೆ ಅಲ್ಲೀತನಕ ರುಚಿ, ಗರಿಗರಿ ಎಲ್ಲಾ ಚೆನ್ನಾಗಿರತ್ತೆ ಅಂತ. ಬಿಸ್ಕೆಟ್ಟು, ಅವಲಕ್ಕಿ ಥರದ ಒಣ ಪದಾರ್ಥ ನೋಡಿ, ಮೂಸಿ, ಸರಿ ಇದ್ರೆ ತಿನ್ಬಹುದು. ಎಕ್ಸ್‌ಪೈರಿ ಅಥವಾ ಯೂಸ್ ಬೈ ಅಂತ ಇದ್ರೆ ಅದು ಸುರಕ್ಷತೆಯ ದಿನಾಂಕ, ಹಾಲು, ಪನೀರ್, ಮಾಂಸದಲ್ಲಿ ಅದನ್ನ ದಾಟಬೇಡಿ.

ಪ್ರಶ್ನೆ: ಅಜ್ಜಿಯ ಹಳೇ ರೇಷ್ಮೆ ಸೀರೆ ಮಡಿಕೆಯಲ್ಲೆಲ್ಲಾ ಬಿಟ್ಟುಕೊಂಡಿದೆ. ಮನೆ ಮುಂದೆ ಹಳೇ ಜರಿ ಸೀರೆ ಕೊಳ್ತೀವಿ ಅಂತ ಬರೋರು 300 ರೂಪಾಯಿ ಕೊಡ್ತೀನಿ ಅಂದ್ರು. ಕೊಟ್ಬಿಡ್ಲಾ? – ಚನ್ನಪಟ್ಟಣ

ಉತ್ತರ: ತಡೀರಿ, ಕೊಡ್ಬೇಡಿ. ಹಳೇ ಅಸಲಿ ಜರಿ ಅಂದ್ರೆ ರೇಷ್ಮೆ ಎಳೆ ಮೇಲೆ ಬೆಳ್ಳಿ ಸುತ್ತಿ ಚಿನ್ನದ ಲೇಪ ಕೊಟ್ಟಿದ್ದು, ಅವ್ರು ಕೊಳ್ಳೋದು ಸೀರೆಗಲ್ಲ, ಆ ಬೆಳ್ಳಿಗೆ. ಸೆರಗಿನ ತುದಿಯಿಂದ ಒಂದೆರಡು ಜರಿ ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ತೆಳು ಲೋಹದ ಸುರುಳಿ ಉಳಿದ್ರೆ ಒಳಗಿರೋದು ರೇಷ್ಮೆ, ಮೇಲಿರೋದು ಲೋಹ. ಕರಗಿ ಗಟ್ಟಿ ಗುಂಡು ಆದ್ರೆ ಪ್ಲಾಸ್ಟಿಕ್ ಜರಿ. ಲೋಹ ಬೆಳ್ಳೀನೇ ಹೌದಾ ಅಂತ ಚಿನಿವಾರರ ಹತ್ರ ಒರೆಗೆ ಹಚ್ಚಿಸಿ ನೋಡಿ, ಎರಡು ಕಡೆ ತೂಕದ ಲೆಕ್ಕದಲ್ಲಿ ಬೆಲೆ ಕೇಳಿ. ಆದ್ರೆ ನನ್ನನ್ನ ಕೇಳಿದ್ರೆ ಮಾರೋದಕ್ಕಿಂತ ಮೊದಲು ಅಂಚು ಗಟ್ಟಿ ಇದ್ಯಾ ನೋಡಿ. ಸಾಮಾನ್ಯವಾಗಿ ಮೈ ಹೋದ್ರೂ ಅಂಚು ಹೋಗಿರಲ್ಲ, ಅದನ್ನ ಹುಷಾರಾಗಿ ಬಿಡಿಸಿ ಒಂದು ಸಾದಾ ರೇಷ್ಮೆ ಸೀರೆಗೆ ಕೂರಿಸೋ ಟೈಲರ್‌ಗಳು ಇದಾರೆ, ಕೂರಿಸೋ ಮುಂಚೆ ಒಳಗಡೆ ತೆಳು ಕಾಟನ್ ಬಟ್ಟೆ ಆಸರೆ ಕೊಡೋಕೆ ಹೇಳಿ. ಮತ್ತೆ ಮಿಕ್ಕ ರೇಷ್ಮೆ ಸೀರೆಗಳನ್ನ ಮೂರು ತಿಂಗಳಿಗೊಮ್ಮೆ ತೆಗೆದು ನೆರಳಲ್ಲಿ ಆರಾಡಿಸಿ ಬೇರೆ ಮಡಿಕೆಗೆ ಮಡಿಸಿಡಿ, ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದಿದ್ದಕ್ಕೇ ಅಜ್ಜಿಯ ಸೀರೆ ಅಲ್ಲಲ್ಲೇ ಬಿಟ್ಟಿರೋದು.